ಧ್ವಜವಂದನೆಯೂ ಅಂತಃಸಾಕ್ಷಿಯೂ

ಪ್ರಜೆಗಳ ಹಕ್ಕುಗಳನ್ನು ಕಾಗದದ ಮೇಲೆ ಬರೆದಿಡುವುದು ಅಷ್ಟೇನೂ ಕಠಿನವಾದ ಕಾರ್ಯವಲ್ಲ. ವಾಕ್‌ಸ್ವಾತಂತ್ರ್ಯ, ಮತಸ್ವಾತಂತ್ರ್ಯ ಮೊದಲಾದ ಘನವಾದ ಮಾತುಗಳು ಲೋಕದ ಅನೇಕ ರಾಜ್ಯಾಂಗಗಳಲ್ಲಿ ಅಂದವಾಗಿ ಅಚ್ಚಾಗಿವೆ; ಅಂಥ ಪುಸ್ತಕವನ್ನು ಬೀರುವಿನಲ್ಲಿಟ್ಟುಕೊಂಡೇ ಪ್ರಜೆಗಳ ಬಾಯಿಗೆ ಬೀಗ ಹಾಕಿದ ಸರಕಾರಗಳೂ ಉಂಟು. ದೇಶ ನೆಮ್ಮದಿಯಾಗಿರುವಾಗ, ಎಲ್ಲರಿಗೂ ಬೇಕಾದ ಮನುಷ್ಯನೊಬ್ಬನಿಗೆ ಮಾತನಾಡುವ ಸ್ವಾತಂತ್ರ್ಯವನ್ನು ಕೊಡುವುದರಿಂದ ಯಾರ ಔದಾರ್ಯವೂ ವ್ಯಯವಾಗುವುದಿಲ್ಲ. ದೇಶಕ್ಕೆ ಭಯ ಹಿಡಿದಿರುವಾಗ, ನೆರೆಹೊರೆಗೆ ಬೇಡವಾದವನೊಬ್ಬನು ಎಲ್ಲರೂ ಪೂಜ್ಯವೆಂದು ಭಾವಿಸಿದುದಕ್ಕೆ ತಲೆಬಾಗಲಾರೆನೆಂದರೆ, ಆಗ ಆ ಕಾಗದದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥದೊಂದು ಪರೀಕ್ಷೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಯಿತು. ಪರೀಕ್ಷೆಗೆ ಕಾರಣರಾದವರು ಶಾಲೆಯ ಮಕ್ಕಳು. ಪ್ರಶ್ನೆ ಮೇಲುನೋಟಕ್ಕೆ ಬಹಳ ಚಿಕ್ಕದು: ಬೆಳಗಿನ ಹೊತ್ತು ರಾಷ್ಟ್ರಧ್ವಜಕ್ಕೆ ಕೈಯೆತ್ತಿ ವಂದಿಸಲೊಲ್ಲದ ಮಗುವನ್ನು ಶಾಲೆಯಿಂದ ಹೊರಗೆ ಹಾಕಬಹುದೆ? ಹಾಕಬಹುದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ೧೯೪೦ರಲ್ಲಿ ಹೇಳಿತು. ಕೂಡದೆಂದು ಅದೇ ನ್ಯಾಯಾಲಯ ೧೯೪೩ರಲ್ಲಿ ಹೇಳಿತು. ಈ ಮೂರು ವರ್ಷಗಳ ನಡುವೆ ರಾಜ್ಯಾಂಗದ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ಬದಲಾದುದು ಏನು? ಆ ಬದಲಾವಣೆಯಿಂದ ಪ್ರಜಾಪ್ರಭುತ್ವದಲ್ಲಿ ಬಾಳುವ ನಾವು ತಿಳಿಯಬೇಕಾದುದೇನು?

ಹಕ್ಕುಗಳ ಪಟ್ಟಿ

ಅಮೆರಿಕದ ರಾಜ್ಯಾಂಗ ೧೭೮೭ರಲ್ಲಿ ರಚಿತವಾದಾಗ ಅದರಲ್ಲಿ ಪ್ರಜೆಗಳ ಹಕ್ಕುಗಳ ಪ್ರತ್ಯೇಕವಾದ ಪಟ್ಟಿ ಇರಲಿಲ್ಲ. ಇದು ದೊಡ್ಡ ಕೊರತೆಯೆಂದು ಹಲವು ಸಂಸ್ಥಾನಗಳು ಆಕ್ಷೇಪಿಸಿದ ಮೇಲೆ ಜೇಮ್ಸ್ ಮ್ಯಾಡಿಸನ್ನರು ೧೭೮೯ರಲ್ಲಿ ಕೆಲವು ತಿದ್ದುಪಡಿಗಳನ್ನು ಕಾಂಗ್ರೆಸ್ಸಿನ ಮುಂದಿಟ್ಟರು. ಅವುಗಳಲ್ಲಿ ಹತ್ತು ೧೭೯೧ರ ಡಿಸೆಂಬರ್ ೧೫ರಂದು ಊರ್ಜಿತವಾದುವು. ಮತವೊಂದನ್ನು ರಾಜಮತವನ್ನಾಗಿ ಸ್ಥಾಪಿಸುವ, ಮತಾಚರಣೆಯನ್ನು ತಡೆಯುವ, ಮಾತಿಗೂ ಪತ್ರಿಕೆಗೂ ಸಭೆಗೂ ಅಹವಾಲಿಗೂ ಅಡ್ಡಿ ಮಾಡುವ ಯಾವ ಕಾನೂನನ್ನೂ ಕಾಂಗ್ರೆಸ್ಸು ಮಾಡಕೂಡದು ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ.

ಈ ನಿರ್ಬಂಧ ಬಹುಕಾಲ ಕೇಂದ್ರ ಸರಕಾರಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಸಂಸ್ಥಾನದ ಸರಕಾರವೋ ಊರಿನ ಶಾಲಾಮಂಡಲಿಯೋ ಪ್ರಜೆಯನ್ನು ಪೀಡಿಸಿದರೆ ಈ ಪಟ್ಟಿ ನೆರವಿಗೆ ಬರುತ್ತಿರಲಿಲ್ಲ. ಗುಲಾಮಗಿರಿಯ ಪ್ರಶ್ನೆಯಿಂದ ಹೊತ್ತಿದ ಅಂತರ್ಯುದ್ಧ ಮುಗಿದ ಬಳಿಕ, ೧೮೬೮ರಲ್ಲಿ, ಹದಿನಾಲ್ಕನೆಯ ತಿದ್ದುಪಡಿ ಬಂದಿತು. ಯಾವ ಸಂಸ್ಥಾನವೂ ನ್ಯಾಯಸಮ್ಮತವಾದ ಕ್ರಮವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸ್ವತ್ತನ್ನಾಗಲಿ ಅಪಹರಿಸಕೂಡದೆಂದು ಅದು ವಿಧಿಸಿತು. ಅಲ್ಲಿರುವ ‘ಸ್ವಾತಂತ್ರ್ಯ’ ಎಂಬ ಒಂದು ಮಾತಿನೊಳಗೆ ಮೊದಲನೆಯ ತಿದ್ದುಪಡಿಯ ಹಕ್ಕುಗಳೆಲ್ಲ ಅಡಗಿವೆಯೆಂದು ನ್ಯಾಯಾಧೀಶರು ಒಂದೊಂದಾಗಿ ಹೇಳುತ್ತ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಮತಾಚರಣೆಯ ಹಕ್ಕಿಗೆ ಈ ಮನ್ನಣೆ ದೊರೆತುದು ೧೯೪೦ರ ಮೇ ತಿಂಗಳಿನಲ್ಲಿ. ಆ ಮೊಕದ್ದಮೆಯಲ್ಲಿ ಮೇಲ್ಮನವಿ ಸಲ್ಲಿಸಿದವರು ‘ಯೆಹೋವನ ಸಾಕ್ಷಿಗಳು’ ಎಂಬ ಒಂದು ಚಿಕ್ಕ ಕ್ರೈಸ್ತ ಪಂಗಡದವರು. ನಮ್ಮ ಕಥೆಯ ಮಕ್ಕಳೂ ಅದೇ ಪಂಗಡಕ್ಕೆ ಸೇರಿದವರು.

ಗಣಿಯ ಊರಿನ ಮಕ್ಕಳು

ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಹೇಳುವ ಧ್ವಜಪ್ರತಿಜ್ಞೆಯನ್ನು ೧೮೯೨ರಲ್ಲಿ ಫ್ರಾನ್ಸಿಸ್ ಬೆಲಮಿ ಎಂಬ ಪಾದ್ರಿ ರಚಿಸಿದನು. ಕೊಲಂಬಸನು ಆ ಖಂಡವನ್ನು ಮುಟ್ಟಿದ ನಾನ್ನೂರನೆಯ ವರ್ಷದ ಉತ್ಸವಕ್ಕಾಗಿ ಬರೆದುದು ಅದು. ಪ್ರತಿಜ್ಞೆಯನ್ನು ಹೇಳುವಾಗ ಬಲಗೈಯನ್ನು ಧ್ವಜದ ಕಡೆಗೆ ನೀಳವಾಗಿ ಚಾಚುವುದು ಪದ್ಧತಿಯಾಯಿತು. ಮುಂದೆ ಜರ್ಮನಿಯಲ್ಲಿ ಹಿಟ್ಲರನ ಅನುಯಾಯಿಗಳು ಕೈ ಚಾಚುವ ರೀತಿಯೂ ಹೆಚ್ಚು ಕಡಮೆ ಹಾಗೆಯೇ ಇದ್ದುದು ಒಂದು ವಿಪರ್ಯಾಸ.

ಯೆಹೋವನ ಸಾಕ್ಷಿಗಳಿಗೆ ವಿಗ್ರಹವೂ ಧ್ವಜವೂ ಒಂದೇ. ಬೈಬಲಿನ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ, ಮನುಷ್ಯನು ಮಾಡಿದ ಯಾವ ರೂಪಕ್ಕೂ ಅಡ್ಡಬೀಳಕೂಡದೆಂಬ ಆಜ್ಞೆಯಿದೆ. ಬಣ್ಣದ ಬಟ್ಟೆಗೆ ವಂದಿಸುವುದು ಆ ಆಜ್ಞೆಯ ಉಲ್ಲಂಘನೆಯೆಂದು ಅವರ ನಂಬಿಕೆ. ಜರ್ಮನಿಯಲ್ಲಿ ಹಿಟ್ಲರನಿಗೆ ಕೈಯೆತ್ತಲೊಪ್ಪದೆ ಸೆರೆಮನೆಗೂ ಯಾತನಾಶಿಬಿರಕ್ಕೂ ಹೋದವರಲ್ಲಿ ಈ ಪಂಗಡದವರು ಅನೇಕರಿದ್ದರು. ಅಮೆರಿಕದಲ್ಲಿದ್ದ ಅವರ ಮುಖಂಡ ಜೋಸೆಫ್ ರದರ್‌ಫರ್ಡ್ ೧೯೩೫ರಲ್ಲಿ ಧ್ವಜವಂದನೆಯನ್ನೂ ಅದೇ ನೀತಿಯಿಂದ ನಿರಾಕರಿಸುವ ಮಾತನ್ನಾಡಿದರು.

ಪೆನ್ಸಿಲ್ವೇನಿಯ ಸಂಸ್ಥಾನದ ಮೈನರ್ಸ್‌ವಿಲ್ ಒಂದು ಕಲ್ಲಿದ್ದಲು ಗಣಿಯ ಊರು. ಅಲ್ಲಿ ದಿನಸಿ ಅಂಗಡಿಯಿಟ್ಟುಕೊಂಡಿದ್ದ ಗೋಬಿಟಾಸ್ ಎಂಬುವರ ಇಬ್ಬರು ಮಕ್ಕಳು, ಹನ್ನೆರಡು ವಯಸ್ಸಿನ ಹುಡುಗಿ ಮತ್ತು ಹತ್ತು ವಯಸ್ಸಿನ ಹುಡುಗ, ಆ ವರ್ಷ ಧ್ವಜಕ್ಕೆ ಕೈಯೆತ್ತುವುದನ್ನು ನಿಲ್ಲಿಸಿದರು. ಹುಡುಗನು ಶಾಲಾಮಂಡಲಿಗೆ ತನ್ನ ಕೈಬರಹದಲ್ಲಿ ಬರೆದ ಕಾಗದ ಇಂದಿಗೂ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದಲ್ಲಿದೆ. ದೇಶದ ಮೇಲೆ ತನಗೆ ಪ್ರೀತಿಯಿಲ್ಲದೆ ಹೀಗೆ ಮಾಡುತ್ತಿಲ್ಲ, ದೇಶವನ್ನು ಪ್ರೀತಿಸುತ್ತೇನೆ, ದೇವರನ್ನು ಇನ್ನೂ ಹೆಚ್ಚಾಗಿ ಪ್ರೀತಿಸುತ್ತೇನೆ ಎಂಬುದು ಅದರ ಸಾರ. ೧೯೩೫ರ ನವೆಂಬರ್ ೬ರಂದು ಮಂಡಲಿಯು ಧ್ವಜವಂದನೆಯನ್ನು ಕಡ್ಡಾಯಗೊಳಿಸುವ ನಿಯಮವನ್ನು ಮಾಡಿ, ಮಕ್ಕಳನ್ನು ಶಾಲೆಯಿಂದ ಹೊರಹಾಕಿತು. ಊರಿನವರು ತಂದೆಯ ಅಂಗಡಿಗೆ ಬಹಿಷ್ಕಾರ ಹಾಕಿದರು.

ಮೊದಲನೆಯ ತೀರ್ಪು

ತಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಿಲ್ಲಾ ನ್ಯಾಯಾಧೀಶರು ೧೯೩೮ರಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತರು. ಅದರ ಮೇಲಿನ ನ್ಯಾಯಾಲಯವೂ ೧೯೩೯ರಲ್ಲಿ ಅದನ್ನೇ ಎತ್ತಿಹಿಡಿಯಿತು. ಶಾಲಾಮಂಡಲಿ ಬಿಡದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ೧೯೪೦ರ ಜೂನ್ ೩ರಂದು ಅಂತಿಮ ತೀರ್ಪು ಹೊರಬಿದ್ದಿತು. ಅದೇ ವಾರ ಬ್ರಿಟಿಷರ ಸೈನ್ಯ ಡಂಕರ್ಕಿನ ಕಡಲತೀರದಿಂದ ಪ್ರಾಣ ಉಳಿಸಿಕೊಂಡು ಹಿಂದಿರುಗುತ್ತಿತ್ತು. ಫ್ರಾನ್ಸು ಹಿಟ್ಲರನ ಕಾಲಡಿಗೆ ಬೀಳುವುದರಲ್ಲಿತ್ತು. ಸರದಿ ನಾಳೆ ತಮ್ಮದಿರಬಹುದೆಂಬ ಅಳುಕು ಅಮೆರಿಕನ್ನರ ಮನಸ್ಸಿನಲ್ಲಿತ್ತು.

ಒಂಬತ್ತು ಮಂದಿ ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಶಾಲಾಮಂಡಲಿಯ ಪರವಾದರು. ಅವರ ಅಭಿಪ್ರಾಯವನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರು. ಇವರನ್ನು ಸಂಕುಚಿತ ಮನಸ್ಸಿನವರೆಂದು ಯಾರೂ ಹೇಳುವಂತಿರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ, ೧೮೯೪ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದ ಯಹೂದಿ ಕುಟುಂಬದ ಬಾಲಕ. ಬಂದಾಗ ಇಂಗ್ಲಿಷಿನ ಒಂದು ಮಾತೂ ಬಾರದು. ಅಂಥ ಬಾಲಕನನ್ನು ಅಮೆರಿಕದ ಪ್ರಜೆಯನ್ನಾಗಿ ಬೆಳೆಸಿದುದು ಅಲ್ಲಿನ ಸಾರ್ವಜನಿಕ ಶಾಲೆ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಪ್ರಾಧ್ಯಾಪಕರಾಗಿ, ಪೌರಸ್ವಾತಂತ್ರ್ಯಗಳ ರಕ್ಷಣೆಗೆಂದು ೧೯೨೦ರಲ್ಲಿ ಹುಟ್ಟಿದ ಸಂಘದ ಸ್ಥಾಪಕರಲ್ಲಿ ಒಬ್ಬರಾಗಿ, ಮರಣದಂಡನೆಗೆ ಗುರಿಯಾದ ಸ್ಯಾಕೊ ಮತ್ತು ವ್ಯಾನ್‌ಜೆಟಿ ಎಂಬ ಇಬ್ಬರು ಇಟಾಲಿಯನ್ ವಲಸೆಗಾರರ ಪರವಾಗಿ ಲೇಖನಿ ಹಿಡಿದವರು. ಅಂಥವರು ಈಗ ಬರೆದರು: ರಾಷ್ಟ್ರದ ಭದ್ರತೆಗೆ ರಾಷ್ಟ್ರದ ಐಕ್ಯವೇ ತಳಹದಿ, ಆ ಐಕ್ಯದ ಸಂಕೇತ ಧ್ವಜ, ಮಕ್ಕಳಲ್ಲಿ ಆ ಭಾವವನ್ನು ಬೆಳೆಸುವ ಬಗೆ ಯಾವುದೆಂದು ನಿರ್ಣಯಿಸುವುದು ಜನರಿಂದ ಅಧಿಕಾರ ಪಡೆದವರ ಕೆಲಸ, ಸರ್ವೋಚ್ಚ ನ್ಯಾಯಾಲಯ ಇಡೀ ದೇಶಕ್ಕೆ ಶಾಲಾಮಂಡಲಿಯಾಗಿ ಕೂರಬಾರದು.

ಭಿನ್ನಮತ ಸೂಚಿಸಿದವರು ಒಬ್ಬರೇ, ನ್ಯಾಯಮೂರ್ತಿ ಹಾರ್ಲನ್ ಸ್ಟೋನರು. ನಂಬದ ಮಾತನ್ನು ನಂಬಿದಂತೆ ಮಗುವಿನ ಬಾಯಿಂದ ಬಲವಂತವಾಗಿ ಹೇಳಿಸುವುದು ರಾಜ್ಯಾಂಗ ಕಾಪಾಡಹೊರಟ ಮನಸ್ಸಿನ ಸ್ವಾತಂತ್ರ್ಯವನ್ನೇ ಮುರಿಯುತ್ತದೆಂದು ಅವರ ವಾದ. ಬಲವಿಲ್ಲದ ಚಿಕ್ಕ ಪಂಗಡವೊಂದರ ಹಕ್ಕನ್ನು ಅದೇ ಊರಿನ ಬಹುಮತದ ಮರ್ಜಿಗೆ ಬಿಡುವುದಾದರೆ, ಆ ಹಕ್ಕನ್ನು ಬರೆದಿಟ್ಟು ಪ್ರಯೋಜನವೇನೆಂದು ಅವರು ಕೇಳಿದರು. ಅಂದು ಆ ಪ್ರಶ್ನೆಗೆ ಉತ್ತರ ಕೊಡುವವರಿರಲಿಲ್ಲ.

ತೀರ್ಪು ಬೀದಿಗೆ ಬಂದಾಗ

ಉತ್ತರ ಬೀದಿಯಿಂದ ಬಂದಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಇವರನ್ನು ದೇಶಭಕ್ತರಲ್ಲವೆಂದು ಸಾರಿತೆಂದು ಜನ ಅರ್ಥಮಾಡಿಕೊಂಡರು. ತೀರ್ಪಾದ ಒಂದು ವಾರದೊಳಗೆ ಮೇನ್ ಸಂಸ್ಥಾನದ ಕೆನೆಬಂಕ್ ಎಂಬಲ್ಲಿ ಯೆಹೋವನ ಸಾಕ್ಷಿಗಳ ಪ್ರಾರ್ಥನಾಮಂದಿರಕ್ಕೆ ಗುಂಪೊಂದು ಬೆಂಕಿಯಿಟ್ಟಿತು. ಇಲಿನಾಯ್ ಸಂಸ್ಥಾನದ ಲಿಚ್‌ಫೀಲ್ಡಿನಲ್ಲಿ ಅವರ ಕಾರುಗಳನ್ನು ಜಖಂಗೊಳಿಸಿ ಹೊಡೆದರು. ಪಶ್ಚಿಮ ವರ್ಜೀನಿಯದ ರಿಚ್‌ವುಡ್ ಊರಿನಲ್ಲಿ ಅವರನ್ನು ಹಗ್ಗದಿಂದ ಸಾಲಾಗಿ ಕಟ್ಟಿ, ಬಾಯಿಗೆ ಹರಳೆಣ್ಣೆ ಹೊಯ್ದು, ಬೀದಿಯಲ್ಲಿ ನಡೆಸಿದರು. ಈ ಕೃತ್ಯದ ಮುಂದಾಳುಗಳಲ್ಲಿ ಕಾನೂನನ್ನು ಕಾಪಾಡಬೇಕಾದ ಪೋಲೀಸು ಅಧಿಕಾರಿಯೂ ಇದ್ದನು. ಆ ವರ್ಷ ಮುಗಿಯುವ ಹೊತ್ತಿಗೆ ಇಂಥ ಮುನ್ನೂರಕ್ಕೂ ಮಿಕ್ಕ ಹಲ್ಲೆಗಳಲ್ಲಿ ಸುಮಾರು ೧೫೦೦ ಮಂದಿ ಪೆಟ್ಟು ತಿಂದರೆಂದು ಪೌರಸ್ವಾತಂತ್ರ್ಯ ಸಂಘ ಲೆಕ್ಕ ಹಾಕಿತು. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟರೂ ಸರಕಾರದ ಹಿರಿಯ ವಕೀಲ ಫ್ರಾನ್ಸಿಸ್ ಬಿಡಲ್‌ರೂ ಬಹಿರಂಗವಾಗಿ ಜನರಿಗೆ ಬುದ್ಧಿ ಹೇಳಬೇಕಾಯಿತು.

ಇದನ್ನು ಕಂಡು ಕೆಲವು ನ್ಯಾಯಮೂರ್ತಿಗಳ ಮನಸ್ಸು ಕಲಕಿತು. ಆ ಬೇಸಿಗೆಯ ಬಿಡುವು ಮುಗಿದ ಬಳಿಕ ನಡೆದ ಒಂದು ಸಂಭಾಷಣೆಯನ್ನು ಫ್ರಾಂಕ್‌ಫರ್ಟರರೇ ಬರೆದಿಟ್ಟಿದ್ದಾರೆ. ಮೊದಲನೆಯ ತೀರ್ಪಿಗೆ ಒಪ್ಪಿದ್ದ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕರು ಈಗ ಮನಸ್ಸು ಬದಲಿಸಿದ್ದಾರೆಂದು ಸಹೋದ್ಯೋಗಿ ವಿಲಿಯಂ ಡಗ್ಲಸರು ತಿಳಿಸಿದಾಗ, ರಾಜ್ಯಾಂಗವನ್ನು ಪುನಃ ಓದಿದರೋ ಎಂದು ಫ್ರಾಂಕ್‌ಫರ್ಟರರು ಚುಚ್ಚಿ ಕೇಳಿದರಂತೆ. ಇಲ್ಲ, ಪತ್ರಿಕೆಗಳನ್ನು ಓದುತ್ತಿದ್ದಾರೆಂದು ಉತ್ತರ ಬಂದಿತಂತೆ. ಮಾತು ವಿನೋದದ್ದಾದರೂ ಸಾಮಾನ್ಯವಾದುದಲ್ಲ. ತತ್ತ್ವವೊಂದು ನಿಜವೋ ಸುಳ್ಳೋ ಎಂಬುದನ್ನು ಗ್ರಂಥದಲ್ಲಿ ನೋಡಿ ತಿಳಿಯುವುದೊಂದು ಬಗೆ. ಅದು ನಡೆದಾಡುವಾಗ ಯಾರ ಬೆನ್ನ ಮೇಲೆ ಬಿದ್ದಿತೆಂಬುದನ್ನು ನೋಡಿ ತಿಳಿಯುವುದು ಇನ್ನೊಂದು ಬಗೆ. ೧೯೪೨ರ ಜೂನಿನಲ್ಲಿ ಬೇರೊಂದು ಮೊಕದ್ದಮೆಯ ತೀರ್ಪಿನಲ್ಲಿ ಬ್ಲ್ಯಾಕ್, ಡಗ್ಲಸ್, ಮರ್ಫಿ ಈ ಮೂವರೂ ಧ್ವಜವಂದನೆಯ ತೀರ್ಪಿಗೆ ತಾವು ಒಪ್ಪಿದುದು ತಪ್ಪಾಯಿತೆಂದು ಬಹಿರಂಗವಾಗಿ ಬರೆದರು. ಅಷ್ಟು ಉನ್ನತವಾದ ಪೀಠದ ಮೇಲೆ ಕುಳಿತು, ಯಾರೂ ಕೇಳದಿರುವಾಗ ಹಾಗೆ ಹೇಳುವುದಕ್ಕೆ ಧೈರ್ಯ ಬೇಕು.

ಎರಡನೆಯ ತೀರ್ಪು

ಈ ನಡುವೆ ಜಪಾನು ಪರ್ಲ್ ಹಾರ್ಬರಿನ ಮೇಲೆ ಎರಗಿತು, ಅಮೆರಿಕ ಯುದ್ಧಕ್ಕಿಳಿಯಿತು. ಒಂದು ತಿಂಗಳು ಕಳೆದ ಮೇಲೆ, ೧೯೪೨ರ ಜನವರಿ ೯ರಂದು, ಪಶ್ಚಿಮ ವರ್ಜೀನಿಯದ ವಿದ್ಯಾಮಂಡಲಿ ಸಂಸ್ಥಾನದ ಎಲ್ಲ ಶಾಲೆಗಳಲ್ಲೂ ಧ್ವಜವಂದನೆಯನ್ನು ಕಡ್ಡಾಯ ಮಾಡಿತು. ತನ್ನ ಆಜ್ಞೆಯಲ್ಲಿ ೧೯೪೦ರ ತೀರ್ಪಿನ ಮಾತುಗಳನ್ನೇ ಧಾರಾಳವಾಗಿ ಎತ್ತಿಕೊಂಡಿತು. ಕೈ ಚಾಚುವ ರೀತಿ ಹಿಟ್ಲರನದನ್ನು ಬಹಳ ಹೋಲುತ್ತದೆಂದು ರೆಡ್‌ಕ್ರಾಸು, ಸ್ಕೌಟು ಸಂಸ್ಥೆಗಳು, ತಂದೆತಾಯಿಗಳ ಮತ್ತು ಶಿಕ್ಷಕರ ಸಂಘ ಆಕ್ಷೇಪಿಸಿದುವು, ಫಲ ಹೆಚ್ಚಿಲ್ಲ. ವಂದಿಸದ ಮಗುವನ್ನು ಹೊರಹಾಕತಕ್ಕದ್ದು. ಹೊರಗಿದ್ದಷ್ಟು ದಿನವೂ ಆ ಮಗು ಕಾನೂನುಬಾಹಿರವಾಗಿ ಗೈರುಹಾಜರಾದಂತೆ. ಅದಕ್ಕಾಗಿ ತಂದೆತಾಯಿಗಳಿಗೆ ೫೦ ಡಾಲರಿನವರೆಗೆ ಜುಲ್ಮಾನೆ, ೩೦ ದಿನದವರೆಗೆ ಸೆರೆವಾಸ. ಬಾಗಿಲು ಮುಚ್ಚಿದವರೇ ಒಳಗೆ ಬರಲಿಲ್ಲವೆಂದು ದಂಡ ಹಾಕುವ ನ್ಯಾಯ ಇದು.

ಚಾರ್ಲ್‌ಸ್ಟನ್ ನಗರದ ಸಮೀಪದ ಹಳ್ಳಿಶಾಲೆಯೊಂದರಲ್ಲಿ ಓದುತ್ತಿದ್ದ ಬಾರ್ನೆಟ್ ಮನೆತನದ ಇಬ್ಬರು ಅಕ್ಕತಂಗಿಯರೂ ಹೀಗೆ ಹೊರಬಿದ್ದರು. ಅವರ ಪರವಾದ ಮೊಕದ್ದಮೆ ಮೂವರು ನ್ಯಾಯಾಧೀಶರ ಮುಂದೆ ಬಂದಿತು. ಅವರಲ್ಲಿ ಹಿರಿಯರಾದ ಜಾನ್ ಪಾರ್ಕರರು, ಸರ್ವೋಚ್ಚ ನ್ಯಾಯಾಲಯದ ತೀರ್ಪು ಎದುರಿಗಿದ್ದರೂ, ಅದಕ್ಕೆ ಒಪ್ಪಿದ್ದವರಲ್ಲೇ ಕೆಲವರು ಈಗ ಅದರ ಮೇಲೆ ವಿಶ್ವಾಸವಿಟ್ಟಿಲ್ಲವೆಂದು ಗುರುತಿಸಿ, ಮಕ್ಕಳ ಕಡೆಗೇ ನಿಂತರು. ಅಷ್ಟರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲೂ ಹೊಸಬರು ಬಂದಿದ್ದರು. ಒಂಟಿಯಾಗಿ ನಿಂತಿದ್ದ ಸ್ಟೋನರು ಈಗ ಮುಖ್ಯ ನ್ಯಾಯಮೂರ್ತಿಗಳು.

೧೯೪೩ರ ಜೂನ್ ೧೪, ಅಮೆರಿಕದಲ್ಲಿ ಧ್ವಜದ ದಿನ. ಅದೇ ದಿನ ಆರು ಮಂದಿ ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ ಹೊಸ ತೀರ್ಪು ಬಂದಿತು. ಬಹುಮತದ ಅಭಿಪ್ರಾಯವನ್ನು ಬರೆದವರು ರಾಬರ್ಟ್ ಜ್ಯಾಕ್ಸನ್ನರು. ನ್ಯೂಯಾರ್ಕ್ ಸಂಸ್ಥಾನದ ಗ್ರಾಮಾಂತರ ಪ್ರದೇಶದಲ್ಲಿ ಬೆಳೆದು, ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಕಾನೂನು ಕಲಿತವರು. ಮುಂದೆ ನ್ಯೂರೆಂಬರ್ಗಿನಲ್ಲಿ ನಾಜಿ ಮುಖಂಡರ ವಿಚಾರಣೆ ನಡೆದಾಗ ಅಮೆರಿಕದ ಪರವಾಗಿ ಆರೋಪ ಹೊರಿಸಿದವರೂ ಇವರೇ.

ಜ್ಯಾಕ್ಸನ್ನರು ವಾದವನ್ನು ಮತಸ್ವಾತಂತ್ರ್ಯದ ಮೇಲೆ ನಿಲ್ಲಿಸದೆ ಇನ್ನೂ ಆಳಕ್ಕೆ ಹೋದರು. ಯೆಹೋವನ ಸಾಕ್ಷಿಗೆ ಮಾತ್ರ ವಿನಾಯಿತಿ ಕೊಡುವ ಪ್ರಶ್ನೆ ಇದಲ್ಲ. ಯಾವ ಪ್ರಜೆಯ ಬಾಯಿಂದಲಾದರೂ ಅವನು ನಂಬದ ಮಾತನ್ನು ಹೇಳಿಸುವ ಅಧಿಕಾರ ಸರಕಾರಕ್ಕೆ ಉಂಟೆ ಎಂಬುದೇ ಪ್ರಶ್ನೆ. ಹಕ್ಕುಗಳ ಪಟ್ಟಿಯ ಉದ್ದೇಶವೇ ಕೆಲವು ವಿಷಯಗಳನ್ನು ರಾಜಕೀಯದ ಏರಿಳಿತದಿಂದ ಹೊರಗೆ ತೆಗೆದು, ಬಹುಮತದ ಕೈಗೆ ನಿಲುಕದ ಎತ್ತರದಲ್ಲಿ ಇರಿಸುವುದು. ಅವು ಚುನಾವಣೆಯ ಫಲಿತಾಂಶವನ್ನು ಕಾದು ನಿಲ್ಲುವಂಥವಲ್ಲ. ಭಿನ್ನಾಭಿಪ್ರಾಯವನ್ನು ಬಲಾತ್ಕಾರದಿಂದ ಅಳಿಸಹೊರಟವರು ಕೊನೆಗೆ ಭಿನ್ನಾಭಿಪ್ರಾಯವುಳ್ಳವರನ್ನೇ ಅಳಿಸುವ ಸ್ಥಿತಿಗೆ ಬರುತ್ತಾರೆ. ಅವರಿಗೆ ದೊರೆಯುವ ಒಮ್ಮತ ಸ್ಮಶಾನದ ಒಮ್ಮತ. ಅತಿಮುಖ್ಯವಲ್ಲದ ವಿಷಯದಲ್ಲಿ ಬೇರೆ ಮಾತಾಡಲು ಬಿಡುವುದು ಸ್ವಾತಂತ್ರ್ಯದ ನೆರಳು ಮಾತ್ರ. ವ್ಯವಸ್ಥೆಯ ಎದೆಯನ್ನೇ ಮುಟ್ಟುವ ವಿಷಯದಲ್ಲಿ ಬಿಟ್ಟರೆ ಅದು ಸ್ವಾತಂತ್ರ್ಯ. ರಾಜಕೀಯ, ರಾಷ್ಟ್ರೀಯತೆ, ಮತ ಮೊದಲಾದ ವಿಷಯಗಳಲ್ಲಿ ಸರಿಯಾದ ನಂಬಿಕೆ ಯಾವುದೆಂದು ಗೊತ್ತುಮಾಡುವ ಅಧಿಕಾರ ದೊಡ್ಡ ಅಧಿಕಾರಿಗೂ ಇಲ್ಲ, ಚಿಕ್ಕ ಅಧಿಕಾರಿಗೂ ಇಲ್ಲ. ಜ್ಯಾಕ್ಸನ್ನರ ವಾದದ ಸಾರಾಂಶ ಇದು. ಬಲವಂತದಿಂದ ಆಡಿದ ಮಾತು ಆಡುವವನ ಸ್ವಾರ್ಥಕ್ಕೆ ಸಾಕ್ಷಿಯೇ ಹೊರತು ದೇಶನಿಷ್ಠೆಗೆ ಸಾಕ್ಷಿಯಲ್ಲವೆಂದು ಬ್ಲ್ಯಾಕ್, ಡಗ್ಲಸರು ಪ್ರತ್ಯೇಕವಾಗಿ ಬರೆದು ಸೇರಿಸಿದರು.

ಸೋತ ಪಕ್ಷದ ಮಾತು

ಸೋತ ಪಕ್ಷದ ಮಾತನ್ನೂ ಗೌರವದಿಂದ ಕೇಳಬೇಕು. ಫ್ರಾಂಕ್‌ಫರ್ಟರರು ತಮ್ಮ ಭಿನ್ನಮತವನ್ನು ಅಸಾಧಾರಣವಾದ ಒಂದು ಮಾತಿನಿಂದ ಪ್ರಾರಂಭಿಸಿದರು. ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು ದೂಷಣೆಗೂ ಪೀಡನೆಗೂ ಗುರಿಯಾದ ಅಲ್ಪಸಂಖ್ಯಾತರ ಕುಲದಲ್ಲಿ ಹುಟ್ಟಿದ ತನಗೆ ಈ ಸ್ವಾತಂತ್ರ್ಯಗಳ ಬೆಲೆ ತಿಳಿಯದೆ ಇಲ್ಲ. ತನ್ನ ಸ್ವಂತ ಇಷ್ಟವನ್ನು ಕೇಳಿದರೆ ಮಕ್ಕಳ ಪರವಾಗಿಯೇ ಇರುತ್ತಿದ್ದೆ. ಆದರೆ ನ್ಯಾಯಾಧೀಶನು ತನ್ನ ಇಷ್ಟವನ್ನು ರಾಜ್ಯಾಂಗದ ಆಜ್ಞೆಯೆಂದು ತಿಳಿಯಕೂಡದು ಎಂದು ಅವರು ಬರೆದರು.

ಈ ಸಂಯಮದ ಹಿಂದೆ ಒಂದು ಕಹಿಯಾದ ಅನುಭವವಿತ್ತು. ರೊಟ್ಟಿಭಟ್ಟಿಯ ಕೆಲಸಗಾರರನ್ನು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ಮೀರಿ ದುಡಿಸಬಾರದೆಂದು ನ್ಯೂಯಾರ್ಕ್ ಸಂಸ್ಥಾನ ಮಾಡಿದ ಕಾನೂನನ್ನು ೧೯೦೫ರಲ್ಲಿ ಇದೇ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತ್ತು. ಕೊಟ್ಟ ಕಾರಣ, ಒಪ್ಪಂದ ಮಾಡಿಕೊಳ್ಳುವ ‘ಸ್ವಾತಂತ್ರ್ಯ’ಕ್ಕೆ ಅದು ಭಂಗವೆಂಬುದು. ಹದಿನಾಲ್ಕನೆಯ ತಿದ್ದುಪಡಿಯ ಅದೇ ಮಾತು ಬಡವನನ್ನು ಉಸಿರು ಕಟ್ಟಿಸುವ ಹಗ್ಗವಾಯಿತು. ಮುಂದೆ ಮೂರು ದಶಕಗಳ ಕಾಲ ಕನಿಷ್ಠ ವೇತನದ ಕಾನೂನುಗಳೂ ಇದೇ ಕಾರಣದಿಂದ ಬಿದ್ದುವು. ಜನ ಚುನಾಯಿಸದ ಒಂಬತ್ತು ಮಂದಿ ಜನರ ಕಾನೂನನ್ನು ಹೊಡೆದುಹಾಕುವುದನ್ನು ಯೌವನದಿಂದಲೂ ಕಂಡು ನೊಂದಿದ್ದ ಫ್ರಾಂಕ್‌ಫರ್ಟರರು, ತಮ್ಮ ಕೈಗೆ ಅಧಿಕಾರ ಬಂದಾಗ ಅದೇ ಕತ್ತಿಯನ್ನು ತಮಗಿಷ್ಟವಾದ ಪಕ್ಷಕ್ಕಾಗಿಯೂ ಬೀಸಲೊಪ್ಪಲಿಲ್ಲ. ಅವರ ವಾದ ಸೋತಿತಾದರೂ ಅದರಲ್ಲೊಂದು ಸತ್ಯವಿದೆ. ಸ್ವಾತಂತ್ರ್ಯವನ್ನು ಕಾಯುವ ಕೆಲಸ ಕೋರ್ಟಿನದೆಂದು ಜನ ಕೈತೊಳೆದುಕೊಂಡರೆ, ಕೋರ್ಟು ನಿದ್ರಿಸಿದ ದಿನ ಕಾಯುವವರು ಯಾರು?

ಕೋರ್ಟು ನಿದ್ರಿಸಿದ ದಿನ ಬಹಳ ದೂರವಿರಲಿಲ್ಲ. ಪರ್ಲ್ ಹಾರ್ಬರಿನ ಬಳಿಕ, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ವಂಶದ ಸುಮಾರು ೧,೨೦,೦೦೦ ಜನರನ್ನು ಮನೆಮಾರು ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಅವರನ್ನು ಹೊರದೂಡಿದ ಆಜ್ಞೆ ಸಿಂಧುವೆಂದು ಅದೇ ನ್ಯಾಯಾಲಯ ೧೯೪೪ರ ಡಿಸೆಂಬರಿನಲ್ಲಿ ಕೊರೆಮಾಟ್ಸು ಮೊಕದ್ದಮೆಯಲ್ಲಿ ಹೇಳಿತು. ಆ ತೀರ್ಪನ್ನು ಬರೆದವರು ಬ್ಲ್ಯಾಕರು. ಜೊತೆಗೂಡಿದವರಲ್ಲಿ ಡಗ್ಲಸರೂ ಸ್ಟೋನರೂ ಇದ್ದರು. ಶಾಲೆಯ ಮಕ್ಕಳ ಪರವಾಗಿ ನಿಂತಿದ್ದ ಆರು ಮಂದಿಯಲ್ಲಿ ನಾಲ್ವರು ಇಲ್ಲಿ ಸರಕಾರದ ಪಕ್ಕಕ್ಕೆ ಸರಿದರು. ಮಕ್ಕಳ ವಿರುದ್ಧವಾಗಿದ್ದ ಓವೆನ್ ರಾಬರ್ಟ್ಸರು ಇಲ್ಲಿ ಜ್ಯಾಕ್ಸನ್, ಮರ್ಫಿಯವರೊಡನೆ ನಿಂತು ಇದು ಅನ್ಯಾಯವೆಂದರು. ಯಾವ ನ್ಯಾಯಮೂರ್ತಿಯೂ ಸರ್ವಕಾಲಕ್ಕೂ ಜಾಗೃತನಲ್ಲ. ಅಮೆರಿಕದ ಸರಕಾರ ೧೯೮೮ರಲ್ಲಿ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕುಳಿದಿದ್ದ ಒಬ್ಬೊಬ್ಬರಿಗೂ ೨೦,೦೦೦ ಡಾಲರು ಕೊಟ್ಟಿತು. ಆ ತೀರ್ಪು ಹೊರಬಂದ ದಿನವೇ ಘೋರವಾದ ತಪ್ಪಾಗಿತ್ತೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದುದು ೨೦೧೮ರಲ್ಲಿ.

ಮಂಗಳೂರಿನ ರಾಯರು

ಈ ಅಮೆರಿಕದ ವ್ಯಾಜ್ಯಕ್ಕೂ ನಮಗೂ ಒಂದು ನೇರವಾದ ನಂಟುಂಟು. ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರು ಮಂಗಳೂರಿನಲ್ಲಿ ೧೮೮೭ರಲ್ಲಿ ಹುಟ್ಟಿದವರು. ಮೊದಲ ಕರಡನ್ನು ಸಿದ್ಧಪಡಿಸಿದ ಮೇಲೆ ೧೯೪೭ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ರಾಜ್ಯಾಂಗ ಬಲ್ಲವರನ್ನು ಕಂಡು ಬಂದರು. ಅಮೆರಿಕದಲ್ಲಿ ಅವರು ಕಂಡವರಲ್ಲಿ ಮುಖ್ಯರು ಇದೇ ಫ್ರಾಂಕ್‌ಫರ್ಟರರು. ‘ನ್ಯಾಯಸಮ್ಮತವಾದ ಕ್ರಮ’ ಎಂಬ ಅಮೆರಿಕದ ಮಾತನ್ನು ನೀವು ಎತ್ತಿಕೊಳ್ಳಬೇಡಿ. ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ಮಂದಿ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ನ್ಯಾಯಾಂಗದ ಮೇಲೂ ಅದು ಅನ್ಯಾಯವಾದ ಹೊರೆ ಎಂಬುದು ಅವರಿತ್ತ ಸಲಹೆ. ರಾಯರಿಗೆ ಆ ಮಾತು ಹಿಡಿಸಿತು. ನಮ್ಮ ಸಂವಿಧಾನದ ೨೧ನೆಯ ಅನುಚ್ಛೇದದಲ್ಲಿ ಪ್ರಾಣಕ್ಕೂ ದೇಹಸ್ವಾತಂತ್ರ್ಯಕ್ಕೂ ಸಂಬಂಧಿಸಿದಂತೆ ‘ಕಾನೂನು ಸ್ಥಾಪಿಸಿದ ವಿಧಾನ’ ಎಂಬ ಮಾತು ಸೇರಿತು. ಜಪಾನಿನ ಹೊಸ ರಾಜ್ಯಾಂಗ ಅದಕ್ಕೆ ಮಾದರಿ.

ಮಾತಿನ ಈ ವ್ಯತ್ಯಾಸದ ಫಲವನ್ನು ನಾವು ಉಂಡಿದ್ದೇವೆ. ಕಾನೂನು ಇದ್ದರಾಯಿತು, ಅದು ನ್ಯಾಯವಾದುದೆ ಎಂದು ಕೇಳಲಾಗದೆಂದು ೧೯೫೦ರಲ್ಲಿ ಎ. ಕೆ. ಗೋಪಾಲನ್ನರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಬಹುಮತ ಹೇಳಿತು. ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವರ ಅಹವಾಲನ್ನು ಕೇಳಬಹುದೆಂದು ಕರ್ನಾಟಕದ್ದೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದ್ದರೂ, ೧೯೭೬ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಬಾಗಿಲು ಮುಚ್ಚಿದರು, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ವಿಧಾನವೆಂದರೆ ನ್ಯಾಯವೂ ಯುಕ್ತವೂ ಆದ ವಿಧಾನವೆಂಬ ಅರ್ಥ ಬಂದುದು ೧೯೭೮ರಲ್ಲಿ, ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ. ೧೯೭೬ರ ತೀರ್ಪನ್ನು ನೇರವಾಗಿ ತೊಡೆದುಹಾಕಿದುದು ೨೦೧೭ರಲ್ಲಿ; ಆ ಮೊಕದ್ದಮೆಯನ್ನು ತಂದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅಮೆರಿಕದ ಕೋರ್ಟು ಧ್ವಜದ ವಿಷಯದಲ್ಲಿ ಮೂರು ವರ್ಷಕ್ಕೆ ತಿದ್ದಿಕೊಂಡಿತು. ಜಪಾನೀಯರ ವಿಷಯದಲ್ಲಿ ಅದಕ್ಕೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ನಮಗೆ ಸೆರೆಯಾಳಿನ ವಿಷಯದಲ್ಲಿ ನಲವತ್ತೊಂದು ವರ್ಷ ಬೇಕಾಯಿತು.

ಆದರೂ ಒಂದು ವಿಷಯದಲ್ಲಿ ನಾವು ಬೇಗ ದಾರಿ ಕಂಡೆವು. ೧೯೮೫ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆ ನಡೆಯುವಾಗ ಅವರು ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ೧೯೮೬ರ ಆಗಸ್ಟ್ ೧೧ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು, ಅಮೆರಿಕದ ಆ ಎರಡು ತೀರ್ಪುಗಳನ್ನೂ ಪರಿಶೀಲಿಸಿ, ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿದರು. ನಮ್ಮ ಪರಂಪರೆಯೂ ತತ್ತ್ವವೂ ಸಂವಿಧಾನವೂ ಸಹನೆಯನ್ನೇ ಕಲಿಸುತ್ತವೆ, ಅದನ್ನು ನೀರಾಗಿಸಬಾರದೆಂಬ ಅರ್ಥದ ಮಾತಿನಿಂದ ಆ ತೀರ್ಪು ಮುಗಿಯುತ್ತದೆ.

ಬಹುಮತ ಪಡೆದವರಿಗೆ ದೇಶವನ್ನಾಳುವ ಅಧಿಕಾರ ಬರುತ್ತದೆ. ತೆರಿಗೆ ಹಾಕುವ, ರಸ್ತೆ ಕಟ್ಟಿಸುವ, ಯುದ್ಧ ಸಾರುವ ಅಧಿಕಾರವೂ ಬರುತ್ತದೆ. ಒಬ್ಬ ಮನುಷ್ಯನ ಮನಸ್ಸಿನೊಳಗೆ ಕೈಹಾಕಿ ಅಲ್ಲಿ ತಮಗೆ ಬೇಕಾದ ನಂಬಿಕೆಯನ್ನು ಇಡುವ ಅಧಿಕಾರ ಮಾತ್ರ ಬರುವುದಿಲ್ಲ. ಅಮೆರಿಕದ ಮಕ್ಕಳು ಇಂದಿಗೂ ಶಾಲೆಗಳಲ್ಲಿ ಧ್ವಜಪ್ರತಿಜ್ಞೆಯನ್ನು ಹೇಳುತ್ತಾರೆ. ಹೇಳಲೊಲ್ಲದ ಮಗು ಸುಮ್ಮನಿರಬಹುದು. ೧೯೪೩ರ ತೀರ್ಪಿನಿಂದ ಧ್ವಜದ ಗೌರವಕ್ಕೆ ಕುಂದೇನೂ ಬರಲಿಲ್ಲ. ತಾನಾಗಿ ಎತ್ತಿದ ಕೈಗೆ ಅರ್ಥವೂ ಹೆಚ್ಚು.

ಗಣಿಯ ಊರಿನ ಆ ಅಕ್ಕತಮ್ಮಂದಿರಿಗೆ ಈ ಜಯದಿಂದ ಶಾಲೆ ದೊರೆಯಲಿಲ್ಲ. ತೀರ್ಪು ಬರುವ ಹೊತ್ತಿಗೆ ಅಕ್ಕನಿಗೆ ಇಪ್ಪತ್ತರ ಸಮೀಪದ ಹರೆಯ; ಶಾಲೆಯ ವಯಸ್ಸು ಕಳೆದುಹೋಗಿತ್ತು. ಕೋರ್ಟಿನ ದಾಖಲೆಗಳಲ್ಲಿ ಗುಮಾಸ್ತರು ಎರಡು ಮನೆತನಗಳ ಹೆಸರನ್ನೂ ತಪ್ಪಾಗಿ ಬರೆದುದರಿಂದ, ಗೋಬಿಟಾಸರು ‘ಗೋಬಿಟಿಸ್’ ಎಂದೂ ಬಾರ್ನೆಟ್ಟರ ಹೆಸರು ಕೊನೆಗೊಂದು ಹೆಚ್ಚಿನ ಅಕ್ಷರದೊಡನೆಯೂ ಕಾನೂನಿನ ಗ್ರಂಥಗಳಲ್ಲಿ ಉಳಿದಿವೆ. ಹೆಸರು ತಿದ್ದುವವರು ಯಾರೂ ಬರಲಿಲ್ಲ, ತೀರ್ಪನ್ನು ತಿದ್ದಿದರು.